ಮೂರು ಸಲ ಹೋಗಿ ಬಂದವಳು

ಕಾಶಿಮಾವೊ ಎಂಬ ಹೆಸರನ್ನು ಅವಳಿಗೆ ಪ್ರೀತಿಯಿಂದ ಇಟ್ಟದ್ದಲ್ಲ, ಅನುಮಾನದಿಂದ ಇಟ್ಟದ್ದು. ಇರುತ್ತಾಳೋ ಹೋಗುತ್ತಾಳೋ ನೋಡೋಣ ಎಂದು ಅದರ ಅರ್ಥ. ಹುಟ್ಟಿದ ಎಂಟನೆಯ ದಿನ ಬಂಧುಬಳಗವೆಲ್ಲ ಸೇರಿ, ತುಟಿಗೆ ಜೇನು ಸವರಿ, ನಾಲಿಗೆಗೆ ಉಪ್ಪು ಮುಟ್ಟಿಸಿ, ಕೊನೆಗೆ ಒಂದು ಹಸುಗೂಸನ್ನು ಹೀಗೆ ಕರೆದರು ಎಂದರೆ ಆ ಮನೆಯವರು ಅದಕ್ಕೆ ಮುಂಚೆ ಎಷ್ಟು ಬೆಂದಿರಬೇಕು, ನೀವೇ ಯೋಚಿಸಿ.

ಅವಳಿಗಿಂತ ಮುಂಚೆ ಅದೇ ತಾಯಿಗೆ ಮೂರು ಮಕ್ಕಳು ಹುಟ್ಟಿ ತೀರಿಕೊಂಡಿದ್ದವು. ಮೂರು ಮಕ್ಕಳು ಎಂದು ನಾವು ಈಗ ಹೇಳುತ್ತೇವೆ. ಆಗ ಒಗುನ್ ನದಿಯ ಆಚೆಯ ಆ ಹಳ್ಳಿಯಲ್ಲಿ ಯಾರ ಬಾಯಲ್ಲೂ ಆ ಮಾತಿರಲಿಲ್ಲ. ಒಂದೇ ಮಗು ಮೂರು ಸಲ ಬಂದು ಮೂರು ಸಲ ಹೋಗಿದೆ, ಅದು ಅಬಿಕು, ಕಾಡಿನಲ್ಲಿರುವ ಜೊತೆಗಾರರ ಮಾತು ಕೇಳಿಕೊಂಡು ಹೆತ್ತವಳ ಹೊಟ್ಟೆ ಉರಿಸುವುದೇ ಅದರ ಆಟ ಎನ್ನುತ್ತಿದ್ದರು. ಮೂರನೆಯ ಸಲ ಹೋದಾಗ ಊರಿನ ಹಿರಿಯನೊಬ್ಬ ಆ ಪುಟ್ಟ ಹೆಣದ ಎಡಗಾಲಿನ ಕಿರುಬೆರಳಿನ ಬುಡಕ್ಕೆ ಚಾಕುವಿನಿಂದ ಒಂದು ಗೀಟು ಕೊಯ್ದ. ಮತ್ತೆ ಬಂದರೆ ಗುರುತು ಸಿಗಬೇಕಲ್ಲ. ವರ್ಷ ಕಳೆದು ಕಾಶಿಮಾವೊ ಹುಟ್ಟಿದಾಗ ಸೂಲಗಿತ್ತಿ ಗಂಡೋ ಹೆಣ್ಣೋ ಎಂದು ನೋಡುವುದಕ್ಕೂ ಮೊದಲು ಕಾಲು ಹಿಡಿದು ನೋಡಿದಳು. ಕಿರುಬೆರಳಿನ ಬುಡದಲ್ಲಿ ಒಂದು ಗೆರೆ ಇತ್ತು.

"ಸಿಕ್ಕಿಬಿದ್ದಳು ಕಳ್ಳಿ," ಎಂದಳಂತೆ ಸೂಲಗಿತ್ತಿ. "ಈ ಸಲ ಕಾಲು ಕಟ್ಟಿ ಇಟ್ಕೊಳ್ರೇ."

ಕಟ್ಟಿಯೇ ಇಟ್ಟುಕೊಂಡರು. ಏಳು ತುಂಬುವವರೆಗೂ ಕಾಲಿಗೆ ಕಬ್ಬಿಣದ ಬಳೆ, ಅದಕ್ಕೆ ಗೆಜ್ಜೆ. ಆ ಸದ್ದು ಕೇಳಿದರೆ ಜೊತೆಗಾರರು ಹತ್ತಿರ ಸುಳಿಯುವುದಿಲ್ಲವಂತೆ. ತಿಂಗಳಿಗೊಮ್ಮೆ ತಾಯಿ ಅಲಸಂದೆ ಹಿಟ್ಟು ರುಬ್ಬಿ ಬುಟ್ಟಿ ತುಂಬ ಅಕಾರಾ ಕರಿದು, ಕಬ್ಬು ಮುರಿದು, ಕೇರಿಯ ಮಕ್ಕಳನ್ನೆಲ್ಲ ಕರೆದು ಹಂಚುತ್ತಿದ್ದಳು. ಆ ಗುಂಪಿನಲ್ಲಿ ಕಣ್ಣಿಗೆ ಕಾಣದ ಮಕ್ಕಳೂ ಬಂದು ತಿಂದು, ಸಮಾಧಾನವಾಗಿ, ತನ್ನ ಮಗಳನ್ನು ಬಿಟ್ಟು ಹೋಗಲಿ ಎಂದು. ಹಿಂದಿನ ಮೂರು ಸಲ ಇಟ್ಟಿದ್ದ ಹೆಸರುಗಳೂ ಅವಳ ಬಾಯಲ್ಲಿ ಹಾಗೆಯೇ ಉಳಿದಿದ್ದವು. ಸಿಟ್ಟು ಬಂದಾಗ, ಮುದ್ದು ಬಂದಾಗ "ಮಾಲೊಮೊ, ಕೊಕುಮೊ, ದುರೊಜಾಯೆ" ಎಂದು ಮೂರನ್ನೂ ಕೂಗುವಳು. ಕಾಶಿಮಾವೊ ನಾಲ್ಕು ಹೆಸರಿಗೂ ಓ ಎನ್ನುತ್ತ ಬೆಳೆದಳು.

ಐದನೆಯ ವರ್ಷದಲ್ಲಿ, ಉತ್ತರದಿಂದ ಒಣ ಧೂಳುಗಾಳಿ ಬೀಸುವ ತಿಂಗಳಲ್ಲಿ, ಒಂದು ಬೆಳಿಗ್ಗೆ ಅವಳ ಎರಡೂ ಕಾಲಿನ ಮೂಳೆಗೆ ನೋವು ಹೊಕ್ಕಿತು. ಮಗು ಕಿಟಾರನೆ ಕಿರುಚಿತು. ತಾಯಿ ಕೈಯಲ್ಲಿದ್ದ ಗಂಜಿಯ ಪಾತ್ರೆ ಅಲ್ಲೇ ಬಿಟ್ಟು ಓಡಿ ಬಂದವಳು ಮಗುವನ್ನು ಎತ್ತಿಕೊಳ್ಳಲಿಲ್ಲ. ಅದರ ಕಾಲಿಗೆ ಅಡ್ಡಬಿದ್ದಳು. ಎರಡೂ ಪಾದ ಹಿಡಿದುಕೊಂಡು, "ಹೋಗ್ಬೇಡ್ವೇ ನನ್ನವ್ವ, ಇನ್ನೊಂದ್ಸಲ ಹೋಗ್ಬೇಡ. ನಾನೇನು ತಪ್ಪು ಮಾಡ್ದೆ ಹೇಳು," ಎಂದು ನೆಲಕ್ಕೆ ಹಣೆ ಚಚ್ಚಿಕೊಂಡು ಅತ್ತಳು. ನಮ್ಮಲ್ಲಿ ಚಿಕ್ಕವರು ದೊಡ್ಡವರ ಮುಂದೆ ಮಂಡಿಯೂರಬೇಕು. ದೊಡ್ಡವಳೊಬ್ಬಳು, ಅದರಲ್ಲೂ ಹೆತ್ತವಳು, ತನ್ನ ಕಾಲಿಗೆ ಬಿದ್ದದ್ದನ್ನು ಕಂಡು ಮಗುವಿನ ಜೀವ ಬಾಯಿಗೆ ಬಂತು. ಅವತ್ತೇ ಅವಳು ಕಲಿತಳು, ನೋವಾದರೆ ಬಾಯಿ ಬಿಡಬಾರದು ಎಂದು. ಆಮೇಲೆ ನೋವು ಬಂದಾಗಲೆಲ್ಲ ಮೇಕೆ ಕೊಟ್ಟಿಗೆಯ ಹಿಂದೆ ಹೋಗಿ, ಬಟ್ಟೆಯ ತುದಿ ಕಚ್ಚಿಕೊಂಡು ಕುಳಿತು, ಇಳಿದ ಮೇಲೆ ಎದ್ದು ಬರುತ್ತಿದ್ದಳು. ತಾಯಿ ಸಾಯುವವರೆಗೂ ಹೀಗೆಯೇ ನಡೆಯಿತು. ಸತ್ತ ಮೇಲೂ ಅಭ್ಯಾಸ ಬಿಡಲಿಲ್ಲ.

ತಾಯಿಯನ್ನು ಮೂರು ಸಲ ಕೊಂದವಳು ತಾನು ಎಂಬುದು ಅವಳಿಗೆ ಅನುಮಾನವೇ ಇಲ್ಲದ ಸಂಗತಿಯಾಗಿತ್ತು. ಯಾರೂ ಬೈದು ಹೇಳಿದ್ದಲ್ಲ. ಕಾಲಿನಲ್ಲೇ ಗುರುತು ಇತ್ತಲ್ಲ.

ದೊಡ್ಡವಳಾದಳು. ಲಾರಿ ಓಡಿಸುವ ಒಬ್ಬ ಒಳ್ಳೆಯ ಮನುಷ್ಯನನ್ನು ಮದುವೆಯಾಗಿ ಅಬೆಯೋಕುಟಾ ಪಟ್ಟಣಕ್ಕೆ ಬಂದಳು. ಅತ್ತೆಯಿಂದ ಬಟ್ಟೆಗೆ ಬಣ್ಣ ಹಾಕುವ ಕಸುಬು ಕಲಿತಳು: ಮರಗೆಣಸಿನ ಗಂಜಿ ಕಾಯಿಸಿ, ಅದರಲ್ಲಿ ಕೋಳಿಗರಿ ಅದ್ದಿ ಬಿಳಿ ಬಟ್ಟೆಯ ಮೇಲೆ ಚಿತ್ತಾರ ಬರೆಯುವುದು, ಒಣಗಿದ ಮೇಲೆ ನೀಲಿಯ ಗಡಿಗೆಯಲ್ಲಿ ಮುಳುಗಿಸುವುದು, ಗಂಜಿ ಕೆರೆದು ತೊಳೆಯುವುದು. ಗಂಜಿ ಇದ್ದಲ್ಲೆಲ್ಲ ಬಣ್ಣ ಕುಡಿಯದೆ ಚಿತ್ತಾರ ತಿಳಿಯಾಗಿ ಉಳಿಯುತ್ತದೆ. ಎರಡು ಬಸಿರು ಇಳಿದು ಹೋಗಿ ಮೂರನೆಯದಾಗಿ ಮೊರೆನಿಕೆ ಹುಟ್ಟಿದಳು. ಊರ ಪದ್ಧತಿಯಂತೆ ಅಂದಿನಿಂದ ಇವಳು ಎಲ್ಲರಿಗೂ ಇಯಾ ಮೊರೆನಿಕೆ, ಮೊರೆನಿಕೆಯ ತಾಯಿ. ಮಗಳಿಗೆ ಹನ್ನೆರಡಾದಾಗ ಗಂಡ ಲಾರಿ ಅಪಘಾತದಲ್ಲಿ ಹೋದ. ಬಲಸೊಂಟ ಸವೆದು ಕುಂಟು ಬಂತು, ತಣ್ಣೀರಿನಲ್ಲಿ ಕೈಯಿಟ್ಟರೆ ಗೆಣ್ಣುಗಳು ಸಿಡಿಯುತ್ತಿದ್ದವು. ಕೇಳಿದವರಿಗೆ "ಮೂಳೆ ನೋವು, ವಯಸ್ಸಾಯ್ತಲ್ಲ" ಎನ್ನುವಳು. ಅವಳ ಅಪ್ಪನೂ ಹೀಗೆಯೇ ಕುಂಟುತ್ತ ತಾಳೆಮರ ಹತ್ತುತ್ತಿದ್ದ, ನಲವತ್ತಕ್ಕೇ ಹೋದ. ಇದಕ್ಕೂ ಅದಕ್ಕೂ ನಂಟಿದೆ ಎಂದು ಯಾರಿಗೆ ಹೊಳೆಯಬೇಕು?

ಈಗ ಮೊರೆನಿಕೆಗೆ ಇಪ್ಪತ್ತಾರು. ಪ್ರೈಮರಿ ಶಾಲೆಯಲ್ಲಿ ಟೀಚರ್. ಮನೆಗಳ ಮೇಲೆ ಸೋಲಾರ್ ಹಲಗೆ ಕೂರಿಸುವ ಬೋಲಾಜಿ ಎಂಬ ಹುಡುಗ ಎರಡು ವರ್ಷದಿಂದ ಅವಳ ಹಿಂದೆ ಮುಂದೆ ಸುತ್ತಿ, ಕೊನೆಗೆ ಮನೆಯವರನ್ನು ಕರೆತಂದು, ಇಯಾ ಮೊರೆನಿಕೆಯ ಮುಂದೆ ಎದೆ ನೆಲಕ್ಕೆ ತಾಗುವಂತೆ ಮಲಗಿ ನಮಸ್ಕರಿಸಿ ಹೆಣ್ಣು ಕೇಳಿದ್ದ. ಈಸ್ಟರ್ ಕಳೆದ ಮೇಲೆ ಮದುವೆ ಎಂದಾಯಿತು. ಹೆಣ್ಣಿನ ಕಡೆಯವರೆಲ್ಲ ಒಂದೇ ಬಟ್ಟೆ ಉಡಬೇಕಲ್ಲ. ಇಯಾ ಮೊರೆನಿಕೆ ಬೇರೆ ಯಾರ ಕೈಗೂ ಕೊಡದೆ ನಲವತ್ತು ಬಟ್ಟೆ ತಾನೇ ಬರೆದು, ತಾನೇ ಅದ್ದಿ, ಮಡಿಸಿ ಮಂಚದ ಕೆಳಗೆ ಇಟ್ಟಳು.

ಉಳಿದದ್ದು ಚರ್ಚಿಗೆ ಕೊಡಬೇಕಾದ ರಕ್ತದ ಚೀಟಿ ಮಾತ್ರ. ಈಗ ನಮ್ಮಲ್ಲಿ ಹುಡುಗಿಯ ಊರು ಯಾವುದು, ಅಪ್ಪ ಯಾರು ಎಂದು ಕೇಳುವುದಕ್ಕೆ ಮೊದಲು ಜೀನೋಟೈಪ್ ಏನು ಎಂದು ಕೇಳುತ್ತಾರೆ. ಎರಡು ಎ ಇದ್ದರೆ ರಾಜಯೋಗ. ಒಂದು ಎ, ಒಂದು ಎಸ್ ಇದ್ದರೆ ಅಂಥದೇ ಇನ್ನೊಬ್ಬರನ್ನು ಕಟ್ಟಿಕೊಳ್ಳಬಾರದು. ಮಗುವಿಗೆ ಎರಡು ಎಸ್ ಬಿದ್ದರೆ ಅದರ ರಕ್ತದ ಕಣ ಕುಡುಗೋಲಿನ ಹಾಗೆ ಬಾಗಿ, ನಾಳದಲ್ಲಿ ಸಿಕ್ಕಿಕೊಂಡು, ಜೀವ ಹಿಂಡುತ್ತದೆ. ಇಷ್ಟು ಸಂತೆಯಲ್ಲಿ ಮೆಣಸಿನಕಾಯಿ ಮಾರುವವಳಿಗೂ ಗೊತ್ತು. ಬೋಲಾಜಿಯ ಚೀಟಿಯಲ್ಲಿ ಎ, ಎಸ್ ಎಂದು ಬಂದಿತ್ತು. ಆದ್ದರಿಂದ ಮೊರೆನಿಕೆಯದರಲ್ಲಿ ಎಸ್ ಇರಬಾರದು, ಅಷ್ಟೇ.

ಎಸ್ ಇರಲಿಲ್ಲ. ಎಸಿ ಎಂದು ಇತ್ತು.

ಪಕ್ಕದ ಗಡಿಗೆಯಲ್ಲಿ ಬಟ್ಟೆ ಅದ್ದುತ್ತಿದ್ದ ಅಲ್ಹಾಜಾ ಮುಯಿಬಾ ಚೀಟಿಯನ್ನು ಕಣ್ಣಿನ ಹತ್ತಿರ ತಂದು, ದೂರ ಹಿಡಿದು ನೋಡಿದಳು. ಮೂವತ್ತು ವರ್ಷದ ಗೆಳತಿ, ಮೆಕ್ಕಾಗೆ ಹೋಗಿ ಬಂದವಳು, ನಾಲಿಗೆ ಮಾತ್ರ ಇಟೊಕು ಬಟ್ಟೆ ಬಜಾರಿನದೇ.

"ಎಸಿ ಅಂತೆ. ಲೇ, ನಮ್ಮ ಬೀದಿಲಿ ಪಾದ್ರಿ ಮನೇಲೇ ಎಸಿ ಇಲ್ಲ, ನಿನ್ನ ಮಗಳ ಮೈಯಲ್ಲಿದ್ಯಂತೆ. ಅಳಿಯ ತಣ್ಣಗಿರ್ತಾನೆ ಬಿಡು."

"ತಮಾಷೆ ಸಾಕು. ಒಳ್ಳೇದೋ ಕೆಟ್ಟದ್ದೋ ಹೇಳು."

"ಎಸ್ ಇಲ್ಲ ತಾನೇ? ಇಲ್ಲ ಅಂದ್ಮೇಲೆ ಮುಗೀತು. ಅಕ್ಕಿ ನೆನೆ ಹಾಕು, ಹೋಗು."

ಇಯಾ ಮೊರೆನಿಕೆಗೂ ಅದೇ ಸರಿ ಎನಿಸಿತು. ಭಾನುವಾರ ಚರ್ಚಿನಲ್ಲಿ ಮದುವೆಯ ಕಾಗದಪತ್ರ ನೋಡುವ ಡೀಕನೆಸ್ ಒಯೆಲಾರನ್ ಮುಂದೆ ಚೀಟಿ ಇಟ್ಟು, ತಲೆಬಟ್ಟೆ ಸರಿಮಾಡಿಕೊಂಡು ಕುಳಿತಳು. ಡೀಕನೆಸ್ ಎರಡು ಸಲ ಓದಿ ಕನ್ನಡಕ ತೆಗೆದಳು.

"ಇಯಾ ಮೊರೆನಿಕೆ, ಈ ಮದುವೆಗೆ ನಾನು ರುಜು ಹಾಕೋಕಾಗಲ್ಲ."

"ಎಸ್ ಇಲ್ವಲ್ಲಮ್ಮ."

"ಸಿ ಇದೆ. ಸಿನೂ ಎಸ್‌ಗೆ ತಂಗಿಯೇ. ಹೆಚ್ಚಿಗೆ ನನಗೆ ಬಿಡಿಸಿ ಹೇಳೋಕೆ ಬರಲ್ಲ. ಆಸ್ಪತ್ರೆಲಿ ಸಿಸ್ಟರ್ ಅಡೆಟುತು ಅಂತ ಇದಾಳೆ, ಅವಳನ್ನ ನೋಡಿ."

ಸಿಸ್ಟರ್ ಅಡೆಟುತು ಎಳೆಯ ಹೆಂಗಸು, ಮಾತು ಮೆತ್ತಗೆ. ತಾಯಿ ಮಗಳು ಇಬ್ಬರನ್ನೂ ಕೂರಿಸಿಕೊಂಡಳು. ಮೊರೆನಿಕೆಯ ಚೀಟಿ ನೋಡಿ ಮೊದಲು ಕೇಳಿದ್ದೇ, "ಮನೇಲಿ ಯಾರಿಗಾದ್ರೂ ಮೂಳೆ ನೋವಿದ್ಯಾ?" ಎಂದು.

"ಅಮ್ಮನಿಗಿದೆ," ಎಂದಳು ಮೊರೆನಿಕೆ. "ಮಂಡಿ ನೋವು. ಚಳಿಗಾಲದಲ್ಲಿ ಸ್ವಲ್ಪ."

ಸ್ವಲ್ಪ ಎಂಬ ಮಾತು ಕೇಳಿ ಇಯಾ ಮೊರೆನಿಕೆ ನೆಲ ನೋಡಿದಳು. ಸಿಸ್ಟರ್ ಅವಳ ಹಳದಿ ತಿರುಗಿದ ಕಣ್ಣಿನ ಬಿಳಿಯನ್ನು ನೋಡಿದಳು, ನಡೆಸಿ ಸೊಂಟ ನೋಡಿದಳು, ರಕ್ತ ತೆಗೆದುಕೊಂಡಳು. ಮುಂದಿನ ವಾರ ಬರಲು ಹೇಳಿದಳು.

ಮುಂದಿನ ವಾರ ಸಿಸ್ಟರ್ ಮೇಜಿನ ಮೇಲೆ ಏನೂ ಇಡಲಿಲ್ಲ. ಕುರ್ಚಿ ಎಳೆದುಕೊಂಡು ಇಯಾ ಮೊರೆನಿಕೆಯ ಪಕ್ಕದಲ್ಲೇ ಕುಳಿತಳು.

"ಅಮ್ಮಾ, ಪ್ರತಿಯೊಬ್ರಿಗೂ ಎರಡೆರಡು ಬಟ್ಟೆ ಇರ್ತವೆ ಅಂತ ಇಟ್ಕೊಳ್ಳಿ. ಒಂದು ಅಪ್ಪ ಕೊಟ್ಟದ್ದು, ಒಂದು ಅಮ್ಮ ಕೊಟ್ಟದ್ದು. ಮಕ್ಕಳಿಗೆ ಎರಡರಲ್ಲಿ ಒಂದನ್ನ ಕೊಡ್ತೀವಿ. ಯಾವುದು ಅಂತ ಆರಿಸೋಕಾಗಲ್ಲ. ನಿಮ್ಮ ಎರಡೂ ಹರಿದವು. ಒಂದು ಎಸ್, ಇನ್ನೊಂದು ಸಿ. ನಿಮ್ಮ ಯಜಮಾನರು ಮಗಳಿಗೆ ಗಟ್ಟಿ ಬಟ್ಟೆ ಕೊಟ್ರು, ಅದು ಎ. ನೀವು ಸಿ ಕೊಟ್ರಿ. ಅವಳಿಗೆ ಒಂದು ಗಟ್ಟಿ ಇರೋದ್ರಿಂದ ಏನೂ ತೊಂದ್ರೆ ಇಲ್ಲ. ನಿಮಗೆ ಎರಡೂ ಹರಿದಿರೋದ್ರಿಂದ ಖಾಯಿಲೆ. ಎರಡು ಎಸ್ ಇರೋವ್ರಿಗಿಂತ ಸ್ವಲ್ಪ ಸೌಮ್ಯ, ಅದಕ್ಕೇ ಐವತ್ತಾರು ವರ್ಷ ಯಾರಿಗೂ ಗೊತ್ತಾಗ್ಲಿಲ್ಲ. ಆದ್ರೂ ಖಾಯಿಲೆನೇ."

"ಖಾಯಿಲೆ ಅಲ್ಲ ಸಿಸ್ಟರ್," ಎಂದಳು ಇಯಾ ಮೊರೆನಿಕೆ. "ನಾನು ಅಬಿಕು. ಮೂರು ಸಲ ಹೋಗಿ ಬಂದವಳು. ಕಾಲಲ್ಲಿ ಗುರುತಿದೆ."

ಚಪ್ಪಲಿ ಕಳಚಿ ಎಡಗಾಲು ಮುಂದೆ ಚಾಚಿದಳು. ಸಿಸ್ಟರ್ ನಗಲಿಲ್ಲ. ಬಗ್ಗಿ ಕಿರುಬೆರಳನ್ನು ಅಗಲಿಸಿ ಬುಡದ ಗೆರೆಯನ್ನು ನೋಡಿದಳು. ಆಮೇಲೆ ತನ್ನ ಬಿಳಿ ಶೂ ಬಿಚ್ಚಿ, ಕಾಲುಚೀಲ ಎಳೆದು, ತನ್ನ ಕಿರುಬೆರಳನ್ನು ಅಗಲಿಸಿ ತೋರಿಸಿದಳು. ಅಲ್ಲೂ ಗೆರೆ ಇತ್ತು.

"ಬೆರಳು ಮಡಚೋ ಜಾಗ ಅಮ್ಮಾ. ಎಲ್ಲರಿಗೂ ಇರುತ್ತೆ."

ಮೊರೆನಿಕೆಯೂ ಬಗ್ಗಿ ತನ್ನ ಕಾಲು ನೋಡಿಕೊಂಡಳು. ಮೂವರು ಹೆಂಗಸರು ಆಸ್ಪತ್ರೆಯ ಕೋಣೆಯಲ್ಲಿ ಬರಿಗಾಲು ಚಾಚಿಕೊಂಡು ಕುಳಿತಿದ್ದರು. ಇಯಾ ಮೊರೆನಿಕೆ ಒಂದು ಕಾಲಿನಿಂದ ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ ಕಣ್ಣು ಹಾಯಿಸಿದಳು.

"ಹಾಗಾದ್ರೆ ಮೊದಲು ಬಂದಿದ್ದು ಯಾರು?" ಎಂದು ಕೇಳಿದಳು.

"ನಿಮ್ಮ ಅಕ್ಕಂದಿರೋ ಅಣ್ಣಂದಿರೋ. ಅವರಿಗೂ ಇದೇ ಖಾಯಿಲೆ ಇತ್ತೋ, ಬೇರೆ ಜ್ವರ ಬಂತೋ, ಈಗ ಹೇಳೋಕಾಗಲ್ಲ. ಆದ್ರೆ ಅವರು ನೀವಲ್ಲ."

ಆಮೇಲೆ ಸಿಸ್ಟರ್ ಮದುವೆಯ ಮಾತಿಗೆ ಬಂದಳು. ಬೋಲಾಜಿಯ ಹತ್ತಿರ ಒಂದು ಎಸ್, ಮೊರೆನಿಕೆಯ ಹತ್ತಿರ ಒಂದು ಸಿ. ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅವೆರಡೂ ಒಟ್ಟಿಗೆ ಬೀಳುವ ಸಾಧ್ಯತೆ. ಮೂರು ಪಾಲು ಬೀಳದಿರುವ ಸಾಧ್ಯತೆ.

"ಬಿದ್ರೆ?" ಎಂದಳು ಮೊರೆನಿಕೆ.

"ಬಿದ್ರೆ ಮಗು ನಿಮ್ಮಮ್ಮನ ಹಾಗಿರುತ್ತೆ. ಈಗ ಔಷಧಿ ಇದೆ, ಹುಟ್ಟಿದಾಗಿಂದ ನೋಡ್ಕೊಂಡ್ರೆ ತುಂಬ ಸುಧಾರಿಸುತ್ತೆ. ಮಾಡ್ಕೊಳ್ಳಿ ಅಂತಲೂ ಹೇಳಲ್ಲ, ಬೇಡ ಅಂತಲೂ ಹೇಳಲ್ಲ. ಅದು ನಿಮಗೆ ಬಿಟ್ಟದ್ದು."

ಮನೆಗೆ ಬರುವ ಬಾಡಿಗೆ ಮೋಟಾರ್ ಸೈಕಲ್ಲಿನ ಮೇಲೆ ತಾಯಿ ನಡುವೆ, ಮಗಳು ಹಿಂದೆ. ಅಂಗಳದಲ್ಲಿ ಇಳಿದ ಮೇಲೆ ಮೊರೆನಿಕೆ ನೀಲಿಯ ಗಡಿಗೆಗಳ ನಡುವೆ ನಿಂತು ಸೀದಾ ಕೇಳಿಬಿಟ್ಟಳು.

"ಅಮ್ಮಾ, ಎಲ್ಲರೂ ಹೆದರಿಸ್ತಿರೋದು ಏನಂತ? ನಿಮ್ಮ ಹಾಗಿರೋ ಮಗು ಹುಟ್ಟುತ್ತೆ ಅಂತ. ನಿಮ್ಮ ಹಾಗಿದ್ರೆ ಏನು ಕೇಡು? ನೀವು ದುಡಿದ್ರಿ, ನನ್ನನ್ನ ಓದಿಸಿದ್ರಿ, ನಗ್ತೀರಿ, ಜಗಳ ಆಡ್ತೀರಿ. ನೀವು ಹುಟ್ಟಬಾರದಿತ್ತು ಅಂತ ನಾನು ಹೇಗೆ ರುಜು ಹಾಕ್ಲಿ?"

ಇಯಾ ಮೊರೆನಿಕೆ ಹತ್ತಿರದ ಗಡಿಗೆಯ ಅಂಚು ಹಿಡಿದುಕೊಂಡಳು.

"ಆ ಬದುಕು ಬದುಕಿ ನೋಡಿದವರು ನೀವೊಬ್ಬರೇ. ನೀವು ಹೂಂ ಅಂದ್ರೆ ಬೇರೆ ಚರ್ಚಲ್ಲಾದ್ರೂ ಮದುವೆ ಆಗ್ತೀನಿ. ಊಹೂಂ ಅಂದ್ರೆ ಬಿಡ್ತೀನಿ. ಬೋಲಾಜಿಗೂ ಹಾಗೇ ಹೇಳ್ತೀನಿ."

"ನಾಳೆ ಹೇಳ್ತೀನಿ ಮಗಾ."

ಆ ನಾಳೆ ಹನ್ನೊಂದು ದಿನವಾದರೂ ಬರಲಿಲ್ಲ. ತಲೆಬುಡ ತಿಳಿಯದೆ ಅವಳು ಒದ್ದಾಡಿಹೋದಳು. ಗಂಜಿ ಬರೆಯುವ ಗರಿ ಕೈಯಲ್ಲಿ ಹಿಡಿದವಳು ಬರೆಯಬೇಕಾದದ್ದನ್ನೇ ಮರೆತು, ಬಟ್ಟೆಯ ಮೇಲೆ ಹನಿ ಬಿದ್ದು ಹರಡುವುದನ್ನು ನೋಡುತ್ತ ಕೂರುವಳು. ಹೂಂ ಎಂದರೆ ಒಂದು ಮಗುವಿನ ಮೂಳೆಗೆ ತಾನೇ ಬೆಂಕಿ ಇಟ್ಟಂತೆ. ಊಹೂಂ ಎಂದರೆ ತಾನು ಬದುಕಿದ್ದೇ ತಪ್ಪು ಎಂದು ಒಪ್ಪಿಕೊಂಡಂತೆ. ಇದರ ನಡುವೆ ಆ ಮೂರು ಹೆಸರುಗಳು ಬೇರೆ ಎಲ್ಲಿಂದಲೋ ಎದ್ದು ಬರುತ್ತಿದ್ದವು. ಮಾಲೊಮೊ, ಕೊಕುಮೊ, ದುರೊಜಾಯೆ. ಇಷ್ಟು ವರ್ಷ ಯಾರ ಹೆಸರಿಗೆ ತಾನು ಓ ಎನ್ನುತ್ತಿದ್ದೆ? ತಾಯಿಗೆ ಕೊಟ್ಟ ಕಾಟ ತನ್ನದಲ್ಲವೆಂದರೆ ಹಗುರವಾಗಬೇಕಿತ್ತು. ಹಗುರವಾಗಲಿಲ್ಲ. ಅಬಿಕುವಿಗೆ ಗೋರಿ ಕಟ್ಟುವುದಿಲ್ಲ, ಯಾರೂ ಅಳುವುದಿಲ್ಲ. ಪೊದೆಯಲ್ಲಿ ಹೂತು ಬರುತ್ತಾರೆ, ಹೇಗೂ ತಿರುಗಿ ಬರುತ್ತದಲ್ಲ ಎಂದು. ಒಡಹುಟ್ಟಿದವರು ಮೂವರು ಆ ಪೊದೆಯಲ್ಲಿದ್ದಾರೆ, ಅವರು ತಿರುಗಿ ಬಂದೇ ಇಲ್ಲ ಎಂಬುದು ಐವತ್ತಾರನೆಯ ವಯಸ್ಸಿನಲ್ಲಿ ತಿಳಿದರೆ ಯಾರ ಮುಂದೆ ಹೋಗಿ ಅಳುವುದು?

"ನಿನ್ನ ಕಾಲು ತೋರಿಸು," ಎಂದಳು ಒಂದು ದಿನ ಮುಯಿಬಾಗೆ.

"ಯಾಕೆ, ಮೆಹಂದಿ ಹಾಕ್ತೀಯಾ?"

"ತೋರಿಸು ಅಂದೆ."

ಮುಯಿಬಾ ನೀಲಿ ಮೆತ್ತಿದ ಕಾಲನ್ನು ಎತ್ತಿ ಕಲ್ಲಿನ ಮೇಲಿಟ್ಟಳು. ಗೆರೆ ಅಲ್ಲೂ ಇತ್ತು. ವಿಷಯ ತಿಳಿದ ಮೇಲೆ ಮುಯಿಬಾ ಕಾಲು ಇಳಿಸಿ, "ಹಾಗಾದ್ರೆ ಇಟೊಕು ಬಜಾರ್ ಪೂರ್ತಿ ಸತ್ತು ಹುಟ್ಟಿದವರೇ," ಎಂದಳು. ಇಯಾ ಮೊರೆನಿಕೆಗೆ ನಗುವೂ ಬಂತು, ಅಳುವೂ ಬಂತು.

ಹನ್ನೆರಡನೆಯ ದಿನ ಶನಿವಾರ. ಬೆಳಗಿನಿಂದ ಧೂಳುಗಾಳಿ ಜೋರಾಗಿತ್ತು, ತುಟಿ ಒಡೆಯುವಷ್ಟು ಒಣಗಾಳಿ. ಒಂಬತ್ತು ಗಂಟೆಯ ಹೊತ್ತಿಗೆ ಅವಳ ಸೊಂಟದಲ್ಲಿ ಅದು ಶುರುವಾಯಿತು. ಬರುವ ಲಕ್ಷಣ ಅವಳಿಗೆ ಗೊತ್ತು: ಮೊದಲು ಒಂದು ಮಿಡಿತ, ಆಮೇಲೆ ತೊಡೆಯುದ್ದಕ್ಕೂ ಯಾರೋ ಒಳಗಿನಿಂದ ಮೂಳೆ ಕೊರೆದಂತೆ. ಅಭ್ಯಾಸದಂತೆ ಬಟ್ಟೆಯ ತುದಿ ಕೈಗೆ ತೆಗೆದುಕೊಂಡು ಉಗ್ರಾಣದ ಕಡೆ ಎರಡು ಹೆಜ್ಜೆ ಇಟ್ಟಳು. ನಿಂತಳು. ತಿರುಗಿ ಬಂದು ಅಂಗಳದ ನಡುವಿನ ಮಣೆಯ ಮೇಲೆ ಕುಳಿತು ಮಗಳನ್ನು ಕರೆದಳು.

"ಮೊರೆನಿಕೆ, ಬಾ ಇಲ್ಲಿ. ಎದುರಿಗೆ ಕೂತ್ಕೊ."

"ಏನಮ್ಮ?"

"ಕೇಳಿದ್ಯಲ್ಲ, ಹೇಳ್ತಿದೀನಿ. ನೋಡ್ತಿರು, ಎದ್ದು ಹೋಗ್ಬೇಡ."

ಅಷ್ಟರಲ್ಲಿ ನೋವು ಏರಿತು. ಅವಳು ಬಟ್ಟೆ ಕಚ್ಚಲಿಲ್ಲ. ಬಾಯಿ ಬಿಟ್ಟಳು. ಮೊದಲು ಬಂದದ್ದು ಅವಳದೇ ದನಿಯೆಂದು ಅವಳಿಗೇ ಗೊತ್ತಾಗಲಿಲ್ಲ, ಐವತ್ತೊಂದು ವರ್ಷದಿಂದ ಕೂಡಿಟ್ಟದ್ದೆಲ್ಲ ಒಟ್ಟಿಗೆ ಬಂದಂತೆ ಬಂತು. ಮಣೆಯಿಂದ ಜಾರಿ ನೆಲಕ್ಕೆ ಬಿದ್ದಳು, ಹೊರಳಿದಳು, ನೀಲಿಯ ಗಡಿಗೆಗೆ ಕೈ ಬಡಿದು ಗಡಿಗೆ ಉರುಳಿತು. "ಅಮ್ಮಾ, ಏನಾಯ್ತು, ಅಮ್ಮಾ" ಎಂದು ಮೊರೆನಿಕೆ ಎದ್ದು ನಿಂತು ಕೂಗಿದಳು. ಬೇಲಿಯಾಚೆಯಿಂದ ಮುಯಿಬಾ ಓಡಿ ಬಂದಳು, ನೀರು ತಂದಳು, ಆಸ್ಪತ್ರೆ ಎಂದಳು. ಇಯಾ ಮೊರೆನಿಕೆ ಬೇಡ ಎಂದು ಕೈಯಾಡಿಸಿದಳು. ಆಗ ಮೊರೆನಿಕೆ ಬೇರೇನೂ ತೋಚದೆ ತಾಯಿಯ ಎರಡೂ ಪಾದ ಹಿಡಿದುಕೊಂಡು, ಅವುಗಳ ಮೇಲೆ ಹಣೆ ಇಟ್ಟು, "ಹೋಗ್ಬೇಡಿ ಅಮ್ಮಾ, ನನ್ನನ್ನ ಬಿಟ್ಟು ಹೋಗ್ಬೇಡಿ," ಎಂದು ಅತ್ತಳು.

ನೋವಿನ ನಡುವೆಯೂ ಇಯಾ ಮೊರೆನಿಕೆ ಆ ತಲೆಯನ್ನು ನೋಡಿದಳು. ಮಣ್ಣಿನಲ್ಲಿ ಮಂಡಿಯೂರಿ, ತನ್ನ ಕಾಲಿನ ಮೇಲೆ ಬಾಗಿದ ಒಂದು ಹೆಣ್ಣಿನ ತಲೆ. ಈ ತಲೆಯನ್ನು ಅವಳು ಐದನೆಯ ವರ್ಷದಲ್ಲಿ ನೋಡಿದ್ದಳು.

ಮಧ್ಯಾಹ್ನದ ಹೊತ್ತಿಗೆ ನೋವು ಹತೋಟಿಗೆ ಬಂತು. ಮುಯಿಬಾ ಬಿಸಿ ಗಂಜಿ ಕುಡಿಸಿ, ಸೊಂಟಕ್ಕೆ ಬಿಸಿನೀರಿನ ಬಟ್ಟೆ ಒತ್ತಿ ಹೋದಳು. ತಾಯಿ ಗೋಡೆಗೆ ಒರಗಿ ಮಗಳ ಕೈ ಹಿಡಿದುಕೊಂಡಳು.

"ಇದು ವರ್ಷಕ್ಕೆ ನಾಲ್ಕೈದು ಸಲ ಬರುತ್ತೆ. ನೀನು ಹುಟ್ಟೋಕೆ ಮುಂಚಿಂದ್ಲೂ."

"ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಹೀಗೆ ಕಾಲು ಹಿಡ್ಕೊಳ್ತೀಯ ಅಂತ." ಸ್ವಲ್ಪ ಸುಧಾರಿಸಿಕೊಂಡು ಮತ್ತೆ ಹೇಳಿದಳು. "ನಾನು ಹುಟ್ಟಬಾರದಿತ್ತು ಅಂತ ನನ್ನ ಬಾಯಲ್ಲಿ ಬರಲ್ಲ ಮಗಾ. ನೀಲಿ ಚೆನ್ನಾಗಿ ಹಿಡಿದ ದಿನ, ನೀನು ಮೊದಲ ಸಲ ಶಾಲೆಯಿಂದ ಬಂದು ಅಕ್ಷರ ಬರೆದು ತೋರಿಸಿದ ದಿನ, ಆ ದಿನಗಳನ್ನೆಲ್ಲ ನಾನು ಬಿಟ್ಟುಕೊಡಲ್ಲ. ಆದ್ರೆ ನೀನು ತಪ್ಪು ಪ್ರಶ್ನೆ ಕೇಳ್ದೆ. ಹುಟ್ಟೋ ಮಗು ನಾನಾಗುತ್ತೆ, ಸರಿ. ನೀನು ಯಾರಾಗ್ತೀಯ?"

ಮೊರೆನಿಕೆ ತಲೆ ಎತ್ತಿ ತಾಯಿಯ ಮುಖ ನೋಡಿದಳು.

"ನೀನು ನನ್ನಮ್ಮ ಆಗ್ತೀಯ. ನಲವತ್ತು ವರ್ಷ ಅವಳು ಒಂದು ತುತ್ತು ನೆಮ್ಮದಿಯಾಗಿ ನುಂಗಲಿಲ್ಲ. ನಾನು ನಿದ್ದೆ ಮಾಡಿದ್ರೆ ಮೂಗಿನ ಹತ್ರ ಬೆರಳಿಟ್ಟು ನೋಡೋಳು. ಅವಳನ್ನ ನಾನೇ ಹಾಗೆ ಮಾಡ್ದೆ ಅಂದ್ಕೊಂಡಿದ್ದೆ, ಈಗ ಅಲ್ಲ ಅಂತಾರೆ. ಯಾರು ಮಾಡಿದ್ರೋ, ಆಗಿದ್ದಂತೂ ಅವಳೇ. ಇವತ್ತು ಒಂದು ಬೆಳಿಗ್ಗೆ ನೀನು ಅವಳಾಗಿದ್ದೆ. ಆಗುತ್ತಾ ನಿನ್ನ ಕೈಲಿ?"

"ನೀವು ಹೂಂ ಅಂತಿದೀರೋ ಊಹೂಂ ಅಂತಿದೀರೋ?"

"ಗೊತ್ತಿಲ್ಲ ಮಗಾ. ಸತ್ಯವಾಗಿ ಗೊತ್ತಿಲ್ಲ. ನನಗೆ ಗೊತ್ತಿದ್ದದ್ದು ತೋರಿಸ್ದೆ."

ಮರುದಿನ ಚರ್ಚು ಮುಗಿದ ಮೇಲೆ ಬೋಲಾಜಿ ಬಂದ. ಮಾವಿನ ಮರದ ಕೆಳಗೆ ಇಬ್ಬರೂ ಬಹಳ ಹೊತ್ತು ಕುಳಿತಿದ್ದರು. ನಾಲ್ಕರಲ್ಲಿ ಮೂರು ಪಾಲು ಒಳ್ಳೆಯದೇ ಇದೆಯಲ್ಲ ಎಂದು ಅವನು, ನಾಲ್ಕನೆಯದು ನನ್ನ ಕಣ್ಣ ಮುಂದೆ ಹೊರಳಾಡಿತು ಎಂದು ಇವಳು. ಮಕ್ಕಳೇ ಬೇಡ ಎಂದ. ಮಕ್ಕಳಿಲ್ಲದ ಮನೆಯಲ್ಲಿ ನಿನ್ನ ತಾಯಿ ನನ್ನನ್ನು ಒಂದು ವರ್ಷ ಇಟ್ಟುಕೊಳ್ಳುತ್ತಾರಾ ಎಂದು ಇವಳು ಕೇಳಿದಳು.

"ಅಜ್ಜಿಗಿದ್ದ ಎದೆ ನನಗಿಲ್ಲ ಬೋಲಾಜಿ," ಎಂದಳು ಕೊನೆಗೆ. ಅವನು ಹೋಗುವಾಗ ಇಯಾ ಮೊರೆನಿಕೆಯ ಮುಂದೆ ಮತ್ತೆ ಎದೆ ನೆಲಕ್ಕೆ ತಾಗಿಸಿ ನಮಸ್ಕರಿಸಿದ. ಒಳ್ಳೆಯ ಹುಡುಗ. ಅವಳು ಅವನ ಭುಜ ಹಿಡಿದು ಎಬ್ಬಿಸಿದಳು.

ಈಸ್ಟರ್ ಬಂತು, ಹೋಯಿತು. ಮುಯಿಬಾ ಸುಮ್ಮನಿರುವ ಹೆಂಗಸಲ್ಲ. "ಐವತ್ತು ವರ್ಷ ಬಾಯಿ ಮುಚ್ಕೊಂಡಿದ್ದೆ, ಬಿಟ್ಟ ದಿನವೇ ಮಗಳ ಮದುವೆ ನುಂಗಿದೆ," ಎಂದು ಗಡಿಗೆಯಲ್ಲಿ ಕೋಲಾಡಿಸುತ್ತ ಅಂದುಬಿಟ್ಟಳು. ಅಂದಮೇಲೆ ತಾನೇ ಪೆಚ್ಚಾಗಿ, ಸಂಜೆ ಒಂದು ಬಟ್ಟಲು ಒಫಾಡ ಅಕ್ಕಿಯ ಅನ್ನ, ಸಾರು ತಂದು ಕೊಟ್ಟಳು. ಇಯಾ ಮೊರೆನಿಕೆ ಅದಕ್ಕೆ ಬೇಸರ ಮಾಡಿಕೊಳ್ಳಲಿಲ್ಲ. ತಾನು ಮಾಡಿದ್ದು ಸರಿಯೋ ತಪ್ಪೋ ಎಂದು ಅವಳಿಗೂ ಬಗೆಹರಿದಿರಲಿಲ್ಲ. ಈಗ ನೋವು ಬಂದರೆ ಅವಳು ಗಟ್ಟಿಯಾಗಿ ನರಳುತ್ತಾಳೆ, ಮೊರೆನಿಕೆ ಆಸ್ಪತ್ರೆಯ ಮಾತ್ರೆ ಕೊಟ್ಟು ಎಣ್ಣೆ ತಿಕ್ಕುತ್ತಾಳೆ. ಅದೊಂದು ಸುಖ ಹೊಸದು. ಆದರೆ ಅಂಗಳದಲ್ಲಿ ಒಬ್ಬಳೇ ಗಂಜಿ ಬರೆಯುವಾಗ, ಬಾಗಿಲ ಹತ್ತಿರ ಯಾರೋ ಬಂದು ನಿಂತಂತೆ ಆಗಿ ತಲೆ ಎತ್ತುತ್ತಾಳೆ. ತನ್ನನ್ನು ಬಾ, ಇರು ಎಂದು ಒಂದು ಊರೇ ಬೇಡಿಕೊಂಡಿತ್ತು. ತಾನು ಯಾರೋ ಒಬ್ಬರಿಗೆ ಬರಬೇಡ ಎಂದುಬಿಟ್ಟೆ.

ಮುಂದಿನ ಧೂಳುಗಾಳಿಯ ತಿಂಗಳಲ್ಲಿ ಒಂದು ಮಧ್ಯಾಹ್ನ ಅವಳು ಅಲಸಂದೆ ರುಬ್ಬಿ ಬುಟ್ಟಿ ತುಂಬ ಅಕಾರಾ ಕರಿದಳು. ಕಬ್ಬು ತರಿಸಿ ಗಣ್ಣು ಗಣ್ಣಿಗೆ ಮುರಿದಳು. ಬೀದಿಯ ಮಕ್ಕಳನ್ನೆಲ್ಲ ಕೂಗಿ ಕರೆದು ಸಾಲಾಗಿ ಕೂರಿಸಿ ಹಂಚಿದಳು. ಮೊದಲ ಮೂರು ಪಾಲು ತೆಗೆದಿಡುವಾಗ ಮೂರು ಹೆಸರನ್ನೂ ಬಾಯಿಬಿಟ್ಟು ಹೇಳಿದಳು, ಅವಕ್ಕೆ ತಾನು ಓ ಎನ್ನಲಿಲ್ಲ. ಮಕ್ಕಳು ತಿಂದು ಎದ್ದು ಹೋದವು.

ಶಾಲೆಯಿಂದ ಬಂದ ಮೊರೆನಿಕೆ ಹೊಸ್ತಿಲ ಮೇಲೆ ಬಾಳೆಲೆಯ ನಾಲ್ಕು ತುಂಡು ನೋಡಿದಳು. ಒಂದೊಂದರಲ್ಲೂ ಒಂದು ಅಕಾರಾ, ಒಂದು ಗಣ್ಣು ಕಬ್ಬು.

"ಮೂರು ಯಾರಿಗೆ ಅಂತ ಗೊತ್ತು," ಎಂದಳು. "ನಾಲ್ಕನೇದು ಯಾರಿಗಮ್ಮ? ನಿಮಗಾ?"

"ನಾನು ಇಲ್ಲೇ ಇದೀನಲ್ಲ," ಎಂದಳು ಇಯಾ ಮೊರೆನಿಕೆ. "ಅದು ಬರಬೇಡ ಅಂದ್ವಲ್ಲ, ಆ ಮಗೂಗೆ."

ಮೊರೆನಿಕೆ ಹೆಗಲಿನ ಚೀಲ ಇಳಿಸಿದಳು. ಹೊಸ್ತಿಲ ಆಚೆ, ಆ ಎಲೆಯ ಪಕ್ಕದಲ್ಲಿ ಜಾಗ ಮಾಡಿಕೊಂಡು ಕುಳಿತಳು. ಬೋಲಾಜಿ ಹೋದ ದಿನವೂ ಅಳದೆ ಇದ್ದವಳು ಈಗ ಅತ್ತಳು. ಇಯಾ ಮೊರೆನಿಕೆ ಕುಂಟುತ್ತ ಬಂದು ಅವಳ ಪಕ್ಕದಲ್ಲಿ ಕುಳಿತು, ಕತ್ತಲಾಗುವವರೆಗೂ ಅಲ್ಲೇ ಇದ್ದಳು.